ಒಗೆತ ಮತ್ತು ಓಡಾಟ: ಬಾಂದ್ರಾದ ದಿನಚರಿಯಲ್ಲಿ ಪರಿಸರ

ಪರಿಸರ ಸಂರಕ್ಷಣೆಯೆಂದೊಡನೆ ಜನಸಾಮಾನ್ಯರ ಮನಸ್ಸಿಗೆ ಬರುವುದು ಅರಣ್ಯ, ವನ್ಯಮೃಗ, ಕಾರ್ಖಾನೆಯ ಚಿಮಣಿ ಮೊದಲಾದವು. ಬಚ್ಚಲಿನ ಬಕೆಟ್ಟು, ಇಸ್ತ್ರಿಪೆಟ್ಟಿಗೆ, ಕಚೇರಿಗೆ ಹೋಗುವ ದಾರಿ ಇವು ಆ ಸಾಲಿಗೆ ಸೇರುವುದು ಅಪರೂಪ. ಆದರೆ ಕೋಟಿಗೂ ಮಿಕ್ಕಿ ಜನರಿರುವ ಮುಂಬಯಿಯಂತಹ ನಗರದಲ್ಲಿ ಪ್ರತಿಯೊಂದು ಕುಟುಂಬವೂ ದಿನನಿತ್ಯ ಮಾಡುವ ಕೆಲಸಗಳೇ ಒಟ್ಟುಗೂಡಿ ಹೊಳೆಯ ಬಣ್ಣವನ್ನೂ ಗಾಳಿಯ ಗುಣವನ್ನೂ ನಿರ್ಧರಿಸುತ್ತವೆ. ಬಟ್ಟೆ ಒಗೆಯುವುದು ಮತ್ತು ಕೆಲಸಕ್ಕೆ ಹೋಗಿಬರುವುದು ಇಂತಹ ಎರಡು ಕೆಲಸಗಳು. ಇವೆರಡರ ಪರಿಣಾಮವನ್ನು ಒಂದೇ ಸ್ಥಳದಲ್ಲಿ ಕಾಣಬೇಕಾದರೆ ಬಾಂದ್ರಾವನ್ನು ನೋಡಬಹುದು.

ಬಾಂದ್ರಾ ಸಾಷ್ಟಿ ದ್ವೀಪದ ದಕ್ಷಿಣದ ತುದಿ. ಅದಕ್ಕೂ ಮುಂಬಯಿಯ ಮೂಲ ದ್ವೀಪಕ್ಕೂ ನಡುವೆ ಮಾಹಿಮ್ ಖಾರಿಯಿದೆ. 1845ರಲ್ಲಿ ಲೇಡಿ ಜಮ್‌ಶೆಟ್‌ಜಿ ಜೀಜೀಭಾಯ್ ಅವರ ದಾನದಿಂದ ಸೇತುಮಾರ್ಗ ನಿರ್ಮಾಣವಾಗುವವರೆಗೆ ಜನರು ದೋಣಿಯಲ್ಲಿ ಈ ನೀರನ್ನು ದಾಟುತ್ತಿದ್ದರು. 1867ರ ಏಪ್ರಿಲ್ 12ರಂದು ವಿರಾರಿನಿಂದ ಬ್ಯಾಕ್‌ಬೇಗೆ ಮೊದಲ ಉಪನಗರ ರೈಲು ಸಂಚರಿಸಿದಾಗ ಬಾಂದ್ರಾ ಅದರ ನಿಲ್ದಾಣಗಳಲ್ಲಿ ಒಂದಾಗಿತ್ತು. ಇಂದಿಗೂ ಬಾಂದ್ರಾ ಒಂದು ಗಡಿ. ಆಟೋರಿಕ್ಷಾಗಳು ಇಲ್ಲಿಂದ ಉತ್ತರಕ್ಕೆ ಮಾತ್ರ ಸಂಚರಿಸಬಹುದು. ಖಾರಿಯನ್ನು ದಾಟಿ ಮಾಹಿಮಿನ ಕಡೆಗೆ ಹೋಗಲು ಅವುಗಳಿಗೆ ಅನುಮತಿಯಿಲ್ಲ.

ಈ ಖಾರಿಗೆ ಬಂದು ಸೇರುವ ಹೊಳೆಯೇ ಮಿಠಿ. ವಿಹಾರ ಮತ್ತು ಪವಾಯಿ ಕೆರೆಗಳ ಹೆಚ್ಚುವರಿ ನೀರಿನಿಂದ ಹುಟ್ಟಿ, ಸುಮಾರು 18 ಕಿಲೋಮೀಟರ್ ಹರಿದು, ಬಾಂದ್ರಾ-ಕುರ್ಲಾ ಸಂಕೀರ್ಣವನ್ನು ಬಳಸಿಕೊಂಡು ಅದು ಸಮುದ್ರವನ್ನು ಸೇರುತ್ತದೆ. 'ಮಿಠಿ' ಎಂದರೆ ಸಿಹಿಯಾದುದು ಎಂದರ್ಥ. ಈಗಿನ ನೀರಿಗೆ ಆ ಹೆಸರು ಹೊಂದುವುದಿಲ್ಲವೆಂಬುದನ್ನು ಆ ದಾರಿಯಲ್ಲಿ ಹೋಗುವ ಯಾರಿಗೂ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಹೂಳು, ಕಸ ಮತ್ತು ಒತ್ತುವರಿಯಿಂದ ಕಿರಿದಾಗಿದ್ದ ಮಿಠಿಗೆ ಆ ನೀರನ್ನು ಸಾಗಿಸಲಾಗಲಿಲ್ಲ. ಅದರ ದಂಡೆಯ ಬಡಾವಣೆಗಳು ಮುಳುಗಿದವು, ರೈಲುಗಳು ನಿಂತವು, ಸಾವಿರಾರು ಜನರು ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಬೇಕಾಯಿತು. ನಗರದಲ್ಲಿ ನೂರಾರು ಜನರು ಪ್ರಾಣ ಕಳೆದುಕೊಂಡರು.

ನೀರು ಬರುವ ದಾರಿ, ಹೋಗುವ ದಾರಿ

ಬಾಂದ್ರಾದ ಮನೆಯೊಂದರಲ್ಲಿ ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಬರುವ ನೀರು ಆ ಊರಿನದಲ್ಲ. ಮುಂಬಯಿಗೆ ಏಳು ಜಲಾಶಯಗಳಿಂದ ನೀರು ಪೂರೈಕೆಯಾಗುತ್ತದೆ. ಅವುಗಳಲ್ಲಿ ವಿಹಾರ ಮತ್ತು ತುಳಸಿ ಮಾತ್ರ ನಗರದ ಎಲ್ಲೆಯೊಳಗಿದ್ದು, ಅವುಗಳ ಪಾಲು ಅತ್ಯಲ್ಪ. ತಾನ್ಸಾ, ಮೋಡಕ್ ಸಾಗರ, ಭಾತ್ಸಾ, ವೈತರಣಾ ಕಣಿವೆಯ ಇತರ ಜಲಾಶಯಗಳು ನೂರು ಕಿಲೋಮೀಟರಿನ ಆಸುಪಾಸಿನಲ್ಲಿವೆ. ದಿನಕ್ಕೆ ಸುಮಾರು 3,800 ದಶಲಕ್ಷ ಲೀಟರ್ ನೀರನ್ನು ತಂದು, ಶುದ್ಧೀಕರಿಸಿ, ಕೊಳವೆಗಳ ಮೂಲಕ ಹಂಚಲಾಗುತ್ತದೆ. ಜೂನ್ ತಿಂಗಳಿನಲ್ಲಿ ಮಳೆ ತಡವಾದರೆ ನೀರಿನ ಕಡಿತ ಘೋಷಣೆಯಾಗುವುದು ನಗರವಾಸಿಗಳಿಗೆ ಪರಿಚಿತವಾದ ಸಂಗತಿ.

ಹೀಗೆ ದೂರದಿಂದ ಬಂದ ನೀರು ಬಟ್ಟೆಯ ಕೊಳೆ ಮತ್ತು ಸೋಪಿನೊಂದಿಗೆ ಹೊರಬಿದ್ದ ಮೇಲೆ ಎರಡು ದಾರಿಗಳಲ್ಲಿ ಸಾಗುತ್ತದೆ. ಒಳಚರಂಡಿಯಿರುವ ಕಟ್ಟಡಗಳ ನೀರು ಬಾಂದ್ರಾದ ತ್ಯಾಜ್ಯಜಲ ಕೇಂದ್ರವನ್ನು ಸೇರಿ, ಸಮುದ್ರತಳದ ಸುರಂಗದ ಮೂಲಕ ಸುಮಾರು 3.7 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರಕ್ಕೆ ಬಿಡಲ್ಪಡುತ್ತದೆ. ಒಳಚರಂಡಿಯಿಲ್ಲದ ವಸತಿಗಳ ನೀರು ತೆರೆದ ಚರಂಡಿಗಳ ಮೂಲಕ ಮಿಠಿಗೆ ಬೀಳುತ್ತದೆ. ಮೊದಲನೆಯ ದಾರಿಯಲ್ಲಿಯೂ ಸಂಪೂರ್ಣ ಶುದ್ಧೀಕರಣದ ವ್ಯವಸ್ಥೆ ಬಹುಕಾಲ ಇರಲಿಲ್ಲ. ಬಾಂದ್ರಾವೂ ಸೇರಿದಂತೆ ಏಳು ಕಡೆಗಳಲ್ಲಿ ಹೊಸ ಶುದ್ಧೀಕರಣ ಸ್ಥಾವರಗಳಿಗೆ 2023ರ ಜನವರಿ 19ರಂದು ಶಂಕುಸ್ಥಾಪನೆ ಮಾಡಲಾಯಿತು. ಬಾಂದ್ರಾದ ಚಿಂಬಯಿ ಗ್ರಾಮದಲ್ಲಿ ಕೋಳಿ ಜನಾಂಗದ ಬೆಸ್ತರು ಇಂದಿಗೂ ದೋಣಿಗಳನ್ನಿರಿಸಿಕೊಂಡಿದ್ದಾರೆ. ದಡಕ್ಕೆ ಸಮೀಪದ ನೀರು ಕೆಟ್ಟರೆ ಅದರ ನಷ್ಟ ಮೊದಲು ತಟ್ಟುವುದು ಇವರ ಬಲೆಗೆ. ಮೇಲಿನ ಅಂತಸ್ತಿನ ಬಚ್ಚಲಿಗೂ ಕೆಳಗಿನ ಕಡಲದಂಡೆಯ ಅಡುಗೆಮನೆಗೂ ಇರುವ ಸಂಬಂಧವಿದು.

ಸೋಪಿನ ನೊರೆಯೊಳಗೆ

ಹಿಂದಿನ ಕಾಲದಲ್ಲಿ ನಮ್ಮ ನಾಡಿನ ಮಡಿವಾಳರು ಸವಳುಮಣ್ಣಿನಿಂದ ಬಟ್ಟೆಗಳನ್ನು ಒಗೆಯುತ್ತಿದ್ದರು. ರೇಷ್ಮೆ ಮತ್ತು ಉಣ್ಣೆಗೆ ಅಂಟುವಾಳದ ಕಾಯಿ ಬಳಕೆಯಲ್ಲಿತ್ತು. ಅಂಟುವಾಳದಲ್ಲಿರುವ ಸಪೋನಿನ್ ಎಂಬ ಪದಾರ್ಥವು ನೊರೆಯನ್ನುಂಟುಮಾಡಿ ಜಿಡ್ಡನ್ನು ಬಿಡಿಸುತ್ತದೆ ಹಾಗೂ ಮಣ್ಣಿನಲ್ಲಿ ಸುಲಭವಾಗಿ ಕರಗಿಹೋಗುತ್ತದೆ. ಅನಂತರ ಎಣ್ಣೆ ಮತ್ತು ಕ್ಷಾರದಿಂದ ತಯಾರಾಗುವ ಬಾರ್ ಸೋಪು ಬಂದಿತು. 1959ರಲ್ಲಿ ಸರ್ಫ್ ಮತ್ತು 1969ರಲ್ಲಿ ಅಹಮದಾಬಾದಿನ ನಿರ್ಮಾ ಮಾರುಕಟ್ಟೆಗೆ ಬಂದ ಮೇಲೆ ಕೃತಕ ಮಾರ್ಜಕದ ಪುಡಿ ಮನೆಮನೆಯನ್ನೂ ಪ್ರವೇಶಿಸಿತು. ನಿರ್ಮಾದಂತಹ ಅಗ್ಗದ ಪುಡಿಯಿಂದ ಬಡ ಕುಟುಂಬಗಳ ಗೃಹಿಣಿಯರ ಶ್ರಮ ಬಹಳಷ್ಟು ತಗ್ಗಿತೆಂಬುದನ್ನು ಮರೆಯಲಾಗದು. ಆದುದರಿಂದ ಮಾರ್ಜಕವನ್ನು ತ್ಯಜಿಸಬೇಕೆಂದು ಹೇಳುವುದು ವ್ಯವಹಾರಕ್ಕೆ ಒಪ್ಪುವ ಮಾತಲ್ಲ. ಅದನ್ನು ಎಷ್ಟು ಮತ್ತು ಹೇಗೆ ಬಳಸಬೇಕೆಂಬುದೇ ಪ್ರಶ್ನೆ.

ಮಾರ್ಜಕದ ಕಣಕ್ಕೆ ಎರಡು ತುದಿಗಳಿರುತ್ತವೆ. ಒಂದು ತುದಿಯು ನೀರನ್ನೂ ಇನ್ನೊಂದು ಜಿಡ್ಡನ್ನೂ ಹಿಡಿಯುತ್ತದೆ. ಹೀಗೆ ಜಿಡ್ಡು ಬಟ್ಟೆಯಿಂದ ಬೇರ್ಪಟ್ಟು ನೀರಿನೊಂದಿಗೆ ಹೋಗುತ್ತದೆ. ನೀರು ಗಡುಸಾಗಿದ್ದರೆ, ಅಂದರೆ ಅದರಲ್ಲಿ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿದ್ದರೆ, ಸೋಪಿನ ಬಹುಭಾಗ ಆ ಲವಣಗಳೊಂದಿಗೆ ಸೇರಿ ವ್ಯರ್ಥವಾಗುತ್ತದೆ. ಇದನ್ನು ತಡೆಯಲು ಪುಡಿಯಲ್ಲಿ ಸೋಡಾ, ಫಾಸ್ಫೇಟ್ ಮುಂತಾದವುಗಳನ್ನು ಬೆರೆಸುವುದುಂಟು. ಫಾಸ್ಫೇಟ್ ಒಂದು ಗೊಬ್ಬರ. ಗದ್ದೆಗೆ ಒಳ್ಳೆಯದನ್ನೇ ಮಾಡುವ ಅದು ಕೆರೆ ಮತ್ತು ಹೊಳೆಗಳನ್ನು ಸೇರಿದಾಗ ಪಾಚಿಯನ್ನೂ ಅಂತರಗಂಗೆಯನ್ನೂ ಬೆಳೆಸುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿದು ಮೀನುಗಳು ಸಾಯುತ್ತವೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರ ನಂತರ ರಸ್ತೆಗೆ ಉಕ್ಕಿಬಂದ ನೊರೆಯನ್ನು ಕಂಡ ಕನ್ನಡಿಗರಿಗೆ ಇದರ ವಿವರಣೆ ಬೇಕಾಗದು.

ಬಾಂದ್ರಾದ ಗೃಹಿಣಿಗೆ ಇಲ್ಲೊಂದು ಅನುಕೂಲವಿದೆ. ಮುಂಬಯಿಯ ಜಲಾಶಯಗಳ ನೀರು ಮಳೆಯ ನೀರು, ಮೆದುನೀರು. ಕೊಳವೆಬಾವಿಯ ಗಡುಸು ನೀರಿಗೆ ಬೇಕಾಗುವಷ್ಟು ಪುಡಿ ಇದಕ್ಕೆ ಬೇಡ. ಪೊಟ್ಟಣದ ಮೇಲೆ ಸೂಚಿಸಿದ ಅಳತೆಯಿಂದ ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತ ಹೋಗಿ, ಬಟ್ಟೆ ಶುಭ್ರವಾಗುವ ಕನಿಷ್ಠ ಪ್ರಮಾಣವನ್ನು ಪ್ರತಿಯೊಂದು ಮನೆಯವರೂ ತಾವೇ ಕಂಡುಕೊಳ್ಳಬಹುದು. ನೊರೆ ಹೆಚ್ಚಿದ್ದಷ್ಟೂ ಬಟ್ಟೆ ಶುಭ್ರವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ನೊರೆ ಹೆಚ್ಚಾದಷ್ಟೂ ಜಾಲಿಸಲು ಬೇಕಾಗುವ ನೀರು ಹೆಚ್ಚುತ್ತದೆ, ಅಷ್ಟೆ. ಅಳತೆಯ ಚಮಚವಿಲ್ಲದೆ ಕೈಯಿಂದ ಪುಡಿ ಸುರಿಯುವ ಅಭ್ಯಾಸವೇ ಹೆಚ್ಚಿನ ಬಳಕೆಗೆ ಮೂಲವೆಂದರೆ ತಪ್ಪಾಗಲಾರದು. ಅಂಗಿಯ ಕೊರಳಪಟ್ಟಿ ಮತ್ತು ತೋಳಿನ ಅಂಚುಗಳಿಗೆ ಮಾತ್ರ ಬಾರ್ ಸೋಪನ್ನು ಉಜ್ಜಿ, ಉಳಿದುದನ್ನು ತೆಳುವಾದ ಸೋಪುನೀರಿನಲ್ಲಿ ನೆನೆಸಿದರೆ ಸಾಕು.

ಕೊನೆಯ ಬಾರಿ ಜಾಲಿಸಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಶೌಚಾಲಯಕ್ಕೆ ಅಥವಾ ನೆಲ ಒರೆಸಲು ಬಳಸುವುದು ಚಾಳುಗಳಲ್ಲಿ ಹಿಂದಿನಿಂದಲೂ ಇರುವ ರೂಢಿ. ನೀರು ದಿನದ ಕೆಲವೇ ಗಂಟೆಗಳ ಕಾಲ ಬರುವ ಕಡೆ ಈ ಬುದ್ಧಿಯನ್ನು ಯಾರೂ ಕಲಿಸಬೇಕಾಗಿಲ್ಲ. ಒಗೆಯುವ ಯಂತ್ರವಿರುವ ಮನೆಗಳು ಇದನ್ನು ಮರೆತಿವೆ. ಮುಂಬದಿಯಲ್ಲಿ ಬಾಗಿಲಿರುವ ಯಂತ್ರವು ಮೇಲ್ಬಾಗಿಲಿನ ಯಂತ್ರಕ್ಕಿಂತ ಬಹಳಷ್ಟು ಕಡಿಮೆ ನೀರನ್ನು ಬಳಸುತ್ತದೆ. ಯಾವ ಯಂತ್ರವಾದರೂ ನಾಲ್ಕು ಅಂಗಿಗಳಿಗಾಗಿ ತಿರುಗಿಸುವುದು ಅಪವ್ಯಯ. ಅದು ತುಂಬುವಷ್ಟು ಬಟ್ಟೆ ಸೇರಿದ ಮೇಲೆಯೇ ಹಾಕುವುದು ಲೇಸು.

ಬಿಸಿನೀರಿನ ವಿಷಯದಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಬಹುದು. ಹತ್ತು ಲೀಟರ್ ನೀರನ್ನು 27 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 0.38 ಯೂನಿಟ್ ವಿದ್ಯುತ್ತು ಬೇಕು. ಅಷ್ಟು ವಿದ್ಯುತ್ತಿನಲ್ಲಿ 75 ವಾಟಿನ ಫ್ಯಾನು ಐದು ಗಂಟೆ ತಿರುಗುತ್ತದೆ. ಮುಂಬಯಿಯಲ್ಲಿ ನಲ್ಲಿಯ ನೀರೇ ವರ್ಷದ ಬಹುಕಾಲ ಉಗುರುಬೆಚ್ಚಗಿರುತ್ತದೆ. ಇಂದಿನ ಅನೇಕ ಪುಡಿಗಳಲ್ಲಿರುವ ಕಿಣ್ವಗಳು 30ರಿಂದ 40 ಡಿಗ್ರಿಯಲ್ಲಿಯೇ ಸಮರ್ಥವಾಗಿ ಕೆಲಸ ಮಾಡುತ್ತವೆ. ರೋಗಿಗಳ ಹಾಸಿಗೆಬಟ್ಟೆ ಮತ್ತು ಕೂಸಿನ ಬಟ್ಟೆಗಳ ಹೊರತು ಉಳಿದವುಗಳಿಗೆ ಬಿಸಿನೀರು ಅನಾವಶ್ಯಕ.

ಖರೀದಿಸುವಾಗ ನೋಡಬೇಕಾದ ಗುರುತೂ ಒಂದಿದೆ. ಕೇಂದ್ರ ಸರ್ಕಾರವು 1991ರಲ್ಲಿ ಪರಿಸರಸ್ನೇಹಿ ವಸ್ತುಗಳಿಗಾಗಿ 'ಇಕೋಮಾರ್ಕ್' ಯೋಜನೆಯನ್ನು ಆರಂಭಿಸಿ, ಮಣ್ಣಿನ ಮಡಕೆಯನ್ನು ಅದರ ಚಿಹ್ನೆಯನ್ನಾಗಿ ಸ್ವೀಕರಿಸಿತು. ಸಾಬೂನು ಮತ್ತು ಮಾರ್ಜಕಗಳು ಅದರ ವ್ಯಾಪ್ತಿಯಲ್ಲಿದ್ದವು. ಆದರೆ ಮುಂದೆ ಬಂದ ತಯಾರಕರು ಕೆಲವರೇ. 2024ರಲ್ಲಿ ಈ ಯೋಜನೆಗೆ ಬದಲಾಗಿ ಹೊಸ ನಿಯಮಗಳನ್ನು ಪ್ರಕಟಿಸಲಾಗಿದೆ.

ಒಣಗಿಸುವುದು, ಇಸ್ತ್ರಿ, ಜೋಪಾನ

ಜೂನಿನಿಂದ ಸೆಪ್ಟೆಂಬರಿನವರೆಗೆ ಬಾಂದ್ರಾದಲ್ಲಿ ಬಟ್ಟೆ ಒಣಗಿಸುವುದೇ ಒಂದು ಸಮಸ್ಯೆ. ಗಾಳಿಯಲ್ಲಿ ತೇವಾಂಶ ತುಂಬಿರುವಾಗ ಬಟ್ಟೆಯ ನೀರು ಆವಿಯಾಗುವುದು ನಿಧಾನ. ಬಹುಕಾಲ ಒದ್ದೆಯಾಗಿರುವ ಬಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಮುಗ್ಗಲು ವಾಸನೆ ಬರುತ್ತದೆ. ಇದಕ್ಕಾಗಿ ಮತ್ತೊಮ್ಮೆ ಒಗೆಯುವವರೂ, ಸುಗಂಧದ ದ್ರಾವಣ ಸುರಿಯುವವರೂ ಇದ್ದಾರೆ. ಎರಡರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಸೂರಿನ ಕೆಳಗೆ ಗಳುವಿನ ಮೇಲೆ ಒಂದಕ್ಕೊಂದು ತಗುಲದಂತೆ ಬಟ್ಟೆಗಳನ್ನು ಹರವಿ, ಕಿಟಕಿ ತೆರೆದು ಫ್ಯಾನು ಹಾಕುವುದು ವಿದ್ಯುತ್ ಒಣಗುಯಂತ್ರಕ್ಕಿಂತ ಎಷ್ಟೋ ಮಿತವ್ಯಯದ ಮಾರ್ಗ. ಮಳೆಗಾಲದಲ್ಲಿ ಗಂಜಿ ಹಾಕುವುದನ್ನು ಬಿಡುವುದು ಒಳ್ಳೆಯದು. ಬೂಸ್ಟಿಗೆ ಗಂಜಿ ಆಹಾರವಾಗುತ್ತದೆ.

ಬೀದಿಯ ಮೂಲೆಯಲ್ಲಿ ಕೈಗಾಡಿಯ ಮೇಲೆ ಇಸ್ತ್ರಿ ಮಾಡುವವರ ಜೀವನೋಪಾಯ ಇದ್ದಿಲಿನ ಪೆಟ್ಟಿಗೆಯನ್ನು ಅವಲಂಬಿಸಿದೆ. ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡ್ ಮೊದಲು ಸೇರುವುದು ಅವರದೇ ಉಸಿರಿಗೆ. ಕೆಲವು ಕಡೆ ಅಡುಗೆ ಅನಿಲದ ಪೆಟ್ಟಿಗೆಗಳು ಬಳಕೆಗೆ ಬಂದಿವೆ. ಮನೆಯ 1,000 ವಾಟಿನ ವಿದ್ಯುತ್ ಪೆಟ್ಟಿಗೆಯನ್ನು ದಿನಕ್ಕೊಂದು ಅಂಗಿಗಾಗಿ ಕಾಯಿಸುವ ಬದಲು ವಾರದ ಬಟ್ಟೆಗಳನ್ನು ಒಟ್ಟಿಗೆ ಮಾಡುವುದರಿಂದ, ಪೆಟ್ಟಿಗೆ ಕಾಯಲು ಪ್ರತಿದಿನ ತಗಲುವ ವಿದ್ಯುತ್ತು ಉಳಿಯುತ್ತದೆ. ಬಟ್ಟೆಯನ್ನು ಕೊಡವಿ, ಮಡಿಕೆಗಳನ್ನು ಕೈಯಿಂದ ಸರಿಪಡಿಸಿ ಹರವಿದರೆ ಅರ್ಧದಷ್ಟು ಬಟ್ಟೆಗಳಿಗೆ ಇಸ್ತ್ರಿಯೇ ಬೇಕಾಗುವುದಿಲ್ಲವೆಂಬುದು ಅನುಭವದ ಮಾತು.

ಡ್ರೈಕ್ಲೀನಿಂಗ್ ಎಂಬುದು ನೀರಿಲ್ಲದ ಒಗೆತವೇ ಹೊರತು ರಾಸಾಯನಿಕವಿಲ್ಲದ ಒಗೆತವಲ್ಲ. ಅದರಲ್ಲಿ ಪೆಟ್ರೋಲಿಯಂ ದ್ರಾವಕಗಳನ್ನು ಅಥವಾ ಪರ್ಕ್ಲೋರೋಎಥಿಲಿನ್ ಎಂಬ ದ್ರಾವಕವನ್ನು ಬಳಸುತ್ತಾರೆ. ಎರಡನೆಯದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವುಳ್ಳದ್ದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಅಂಗಡಿಯಿಂದ ತಂದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಗಾಳಿಯಲ್ಲಿ ತೂಗುಹಾಕಿದ ಅನಂತರವೇ ಕಪಾಟಿನಲ್ಲಿರಿಸಬೇಕು. ಕಪಾಟಿನ ನುಸಿಗುಳಿಗೆಗಳ ಬಗ್ಗೆಯೂ ಎಚ್ಚರಿಕೆ ಅಗತ್ಯ. ನ್ಯಾಫ್ತಲೀನ್ ಗುಳಿಗೆಯೊಂದಿಗೆ ಇಟ್ಟ ಬಟ್ಟೆಯನ್ನು ನೇರವಾಗಿ ಹಸುಗೂಸಿಗೆ ತೊಡಿಸಿದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ರಕ್ತಕಣಗಳು ಒಡೆದು ತೀವ್ರ ಕಾಮಾಲೆಯುಂಟಾಗಬಹುದು. ಒಣಗಿದ ಬೇವಿನ ಎಲೆ ಅಥವಾ ಲಾವಂಚದ ಬೇರು ಇದಕ್ಕಿಂತ ಸುರಕ್ಷಿತ.

ಲಿಂಕಿಂಗ್ ರಸ್ತೆಯ ಅಗ್ಗದ ಉಡುಪು

ಬಾಂದ್ರಾದ ಲಿಂಕಿಂಗ್ ರಸ್ತೆ ಮತ್ತು ಹಿಲ್ ರಸ್ತೆಗಳಲ್ಲಿ ಅಗ್ಗದ ಉಡುಪುಗಳ ವ್ಯಾಪಾರ ಸುಪ್ರಸಿದ್ಧ. ಒಂದು ಹತ್ತಿಯ ಅಂಗಿಯ ಹಿಂದೆ, ಹತ್ತಿ ಬೆಳೆಯುವಲ್ಲಿಂದ ಬಣ್ಣ ಹಾಕುವವರೆಗೆ, ಸುಮಾರು 2,700 ಲೀಟರ್ ನೀರು ವೆಚ್ಚವಾಗುತ್ತದೆಂಬುದು ವಿಶ್ವ ವನ್ಯಜೀವಿ ನಿಧಿಯ ಪ್ರಸಿದ್ಧ ಅಂದಾಜು. ಪಾಲಿಯೆಸ್ಟರ್ ಉಡುಪಿನ ತೊಡಕು ಬೇರೆ. ಪ್ರತಿ ಒಗೆತದಲ್ಲಿಯೂ ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಳೆಗಳು ಉದುರಿ ನೀರು ಸೇರುತ್ತವೆ. ಹೊಸ ಬಟ್ಟೆಯ ಮೊದಲ ಕೆಲವು ಒಗೆತಗಳಲ್ಲಿ ಇದು ಅತ್ಯಧಿಕ. ಇಂತಹ ಬಟ್ಟೆಗಳನ್ನು ತಣ್ಣೀರಿನಲ್ಲಿ, ಹೆಚ್ಚು ಉಜ್ಜದೆ ಒಗೆಯಬೇಕು. ಒಟ್ಟಿನಲ್ಲಿ, ಇರುವ ಅಂಗಿಯನ್ನು ಇನ್ನೊಂದು ವರ್ಷ ಧರಿಸುವುದಕ್ಕೆ ಸಮನಾದ ಉಳಿತಾಯ ಬೇರೊಂದಿಲ್ಲ.

ಹಳೆಯ ಬಟ್ಟೆಯನ್ನು ಎಸೆಯದಿರುವ ಪದ್ಧತಿಯು ಈ ನಗರಕ್ಕೆ ಹೊಸದಲ್ಲ. ಸ್ಟೀಲಿನ ಪಾತ್ರೆಗಳನ್ನು ಬುಟ್ಟಿಯಲ್ಲಿ ಹೊತ್ತು, ಹಳೆಯ ಸೀರೆ ಹಾಗೂ ಪ್ಯಾಂಟುಗಳಿಗೆ ವಿನಿಮಯವಾಗಿ ಕೊಡುವ ವಾಘರಿ ಸಮುದಾಯದ ಮಹಿಳೆಯರು ಮುಂಬಯಿಯ ಬೀದಿಗಳಲ್ಲಿ ತಲೆಮಾರುಗಳಿಂದ ಸಂಚರಿಸುತ್ತ ಬಂದಿದ್ದಾರೆ. ಆ ಬಟ್ಟೆಗಳು ದುರಸ್ತಿಯಾಗಿ ಮತ್ತೆ ಮಾರಾಟವಾಗುತ್ತವೆ. ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳಲ್ಲಿ ಹರಿದ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ಕೌದಿ ಇದೇ ಬುದ್ಧಿಯ ಇನ್ನೊಂದು ರೂಪ.

ಮನೆಯಿಂದ ಕಚೇರಿಗೆ

ಮುಂಬಯಿಯ ಉಪನಗರ ರೈಲುಗಳಲ್ಲಿ ಪ್ರತಿದಿನ ಎಪ್ಪತ್ತು ಲಕ್ಷದ ಆಸುಪಾಸಿನಲ್ಲಿ ಪ್ರಯಾಣಗಳು ನಡೆಯುತ್ತವೆ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಬಾಂದ್ರಾದ ಮೂಲಕ ಹೋಗುವ ಪಶ್ಚಿಮ ಮಾರ್ಗದಲ್ಲಿ 1928ರಲ್ಲಿ ವಿದ್ಯುತ್ ಸಂಚಾರ ಆರಂಭವಾಯಿತು. 2007ರಿಂದ ಬಂದ ಹೊಸ ಗಾಡಿಗಳಲ್ಲಿ ವೇಗ ತಗ್ಗಿಸುವಾಗ ಮೋಟಾರುಗಳೇ ಜನರೇಟರಿನಂತೆ ಕೆಲಸ ಮಾಡಿ ವಿದ್ಯುತ್ತನ್ನು ತಂತಿಗೆ ಹಿಂದಿರುಗಿಸುತ್ತವೆ. ನಿಲ್ದಾಣಗಳು ಹತ್ತಿರ ಹತ್ತಿರವಿದ್ದು ಗಾಡಿ ಪದೇ ಪದೇ ನಿಲ್ಲುವ ಮುಂಬಯಿಯಲ್ಲಿ ಇದರ ಲಾಭ ಹೆಚ್ಚು. ಸುಮಾರು ಮೂರನೆಯ ಒಂದು ಭಾಗದಷ್ಟು ವಿದ್ಯುತ್ತು ಹೀಗೆ ಉಳಿಯುತ್ತದೆಂದು ಅಂದಾಜು ಮಾಡಲಾಗಿದೆ.

ಬಾಂದ್ರಾದಿಂದ ಚರ್ಚ್‌ಗೇಟ್ ಸುಮಾರು 15 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಹೋಗಿಬಂದರೆ ಎರಡು ಲೀಟರ್ ಇಂಧನ ಸುಟ್ಟು, ಲೀಟರಿಗೆ 2.3 ಕಿಲೋಗ್ರಾಮಿನಂತೆ 4.6 ಕಿಲೋಗ್ರಾಮ್ ಇಂಗಾಲಾಮ್ಲವು ಹೊರಬೀಳುತ್ತದೆ. ವರ್ಷಕ್ಕೆ 250 ದಿನಗಳ ಕೆಲಸವೆಂದು ಹಿಡಿದರೆ ಇದು 1,150 ಕಿಲೋಗ್ರಾಮ್. ವಾಹನಗಳು ಕಿಕ್ಕಿರಿದು ನಿಲ್ಲುವ ಕಲಾನಗರದ ವೃತ್ತದಂತಹ ಸ್ಥಳಗಳಲ್ಲಿ ವ್ಯಯವಾಗುವ ಇಂಧನ ಈ ಲೆಕ್ಕದಲ್ಲಿ ಸೇರಿಲ್ಲ. ನಾಲ್ವರು ಒಂದೇ ಕಾರಿನಲ್ಲಿ ಹೋದರೆ ತಲಾ ಪಾಲು ಕಾಲುಭಾಗಕ್ಕೆ ಇಳಿಯುತ್ತದೆ. ಕೆಂಪು ದೀಪದ ಬಳಿ ಎಂಜಿನ್ ನಿಲ್ಲಿಸುವುದು, ಸಾಧ್ಯವಿರುವಾಗ ಸಾರ್ವಜನಿಕ ಸಾರಿಗೆಯನ್ನು ಬಳಸುವುದು ಇವು 2022ರ ಅಕ್ಟೋಬರಿನಲ್ಲಿ ಆರಂಭವಾದ 'ಪರಿಸರಕ್ಕಾಗಿ ಜೀವನಶೈಲಿ' ಅಭಿಯಾನದ 75 ಅಭ್ಯಾಸಗಳ ಪಟ್ಟಿಯಲ್ಲಿವೆ.

ಆದರೆ ರೈಲಿನಲ್ಲಿ ಹೋಗಿರೆಂದು ಹೇಳುವುದು ಸುಲಭ, ಬೆಳಿಗ್ಗೆ ಒಂಬತ್ತು ಗಂಟೆಗೆ ಬಾಂದ್ರಾದಲ್ಲಿ ಗಾಡಿ ಹತ್ತುವುದು ಕಷ್ಟ. ಹನ್ನೆರಡು ಡಬ್ಬಿಗಳ ಗಾಡಿಯೊಂದರಲ್ಲಿ ದಟ್ಟಣೆಯ ಸಮಯದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿರುತ್ತಾರೆ. ಹಳಿಗಳ ಮೇಲೆ ಮತ್ತು ಬಾಗಿಲಿನಿಂದ ಬಿದ್ದು ಪ್ರತಿವರ್ಷ ಎರಡು ಸಾವಿರಕ್ಕೂ ಮಿಕ್ಕಿ ಜನರು ಈ ಜಾಲದಲ್ಲಿ ಪ್ರಾಣ ಕಳೆದುಕೊಳ್ಳುತ್ತ ಬಂದಿದ್ದಾರೆ. ಸುರಕ್ಷತೆಯಿಲ್ಲದ ಕಡೆ ಪರಿಸರದ ಹೆಸರಿನಲ್ಲಿ ಜನರನ್ನು ಕರೆಯುವುದು ನ್ಯಾಯವಲ್ಲ. 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೋರಿವಲಿಗಳ ನಡುವೆ ಮಹಿಳೆಯರಿಗಾಗಿಯೇ ಆರಂಭಿಸಿದ ವಿಶೇಷ ಗಾಡಿ, 2017ರ ಡಿಸೆಂಬರ್ 25ರಂದು ಬಂದ, ತಾನಾಗಿ ಬಾಗಿಲು ಮುಚ್ಚುವ ಹವಾನಿಯಂತ್ರಿತ ಲೋಕಲ್ ಇವು ಈ ದಿಕ್ಕಿನ ಹೆಜ್ಜೆಗಳು. ಕಚೇರಿಯ ವೇಳೆಯನ್ನು ಒಂದು ಗಂಟೆ ಹಿಂದುಮುಂದು ಮಾಡಲು ಅವಕಾಶ ಕೊಡುವ ಸಂಸ್ಥೆಗಳೂ ಇದಕ್ಕೆ ನೆರವಾಗುತ್ತವೆ.

ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಹೋಗುವವರ ಕಷ್ಟ ಬೇರೊಂದು ಬಗೆಯದು. ಅವರ ಪ್ರಯಾಣದ ದೀರ್ಘ ಭಾಗ ರೈಲಿನಲ್ಲಿಯೇ ಮುಗಿಯುತ್ತದೆ. ತೊಂದರೆಯಿರುವುದು ನಿಲ್ದಾಣದಿಂದ ಕಚೇರಿಯವರೆಗಿನ ಕೊನೆಯ ಎರಡು ಮೂರು ಕಿಲೋಮೀಟರಿನಲ್ಲಿ. ಬಾಂದ್ರಾ ಪೂರ್ವದಿಂದ ಕಲಾನಗರದವರೆಗೆ 2008ರಲ್ಲಿ ತೆರೆಯಲಾದ ಪಾದಚಾರಿಗಳ ಮೇಲ್ಸೇತುವೆ ನಗರದಲ್ಲಿ ಆ ಬಗೆಯ ಮೊದಲನೆಯದು. ಶಿಥಿಲಗೊಂಡ ಕಾರಣ 2019ರಲ್ಲಿ ಅದನ್ನು ಮುಚ್ಚಬೇಕಾಯಿತು. 2011ರಲ್ಲಿ ಸಂಕೀರ್ಣದೊಳಗೆ ನಿರ್ಮಿಸಿದ ಸೈಕಲ್ ಪಥ ವಾಹನಗಳ ನಿಲುಗಡೆಯ ಸ್ಥಳವಾಗಿ ಮಾರ್ಪಟ್ಟಿತು. 2025ರಲ್ಲಿ ರಸ್ತೆ ಅಗಲಿಸಲು ಅದನ್ನು ತೆಗೆಯುವ ನಿರ್ಧಾರವಾಯಿತು. ನಿಲ್ದಾಣದಿಂದ ಸೈಕಲ್ ಪಥದವರೆಗೆ ಸೈಕಲ್ಲಿನಲ್ಲಿ ಹೋಗುವ ದಾರಿಯೇ ಇಲ್ಲದಿದ್ದಾಗ ಪಥ ಬರಿದಾಗಿ ಉಳಿದುದು ಆಶ್ಚರ್ಯವಲ್ಲ. ಆದರೆ ಆರೆಯಿಂದ ಕಫ್ ಪರೇಡಿನವರೆಗಿನ ಭೂಗತ ಮೆಟ್ರೋ ಮಾರ್ಗವು 2024ರ ಅಕ್ಟೋಬರಿನಿಂದ 2025ರ ಅಕ್ಟೋಬರಿನವರೆಗೆ ಹಂತಹಂತವಾಗಿ ತೆರೆದು, ಸಂಕೀರ್ಣದ ನಡುವಿಗೇ ನಿಲ್ದಾಣ ಬಂದಿರುವುದರಿಂದ ಈಗ ಅನೇಕರಿಗೆ ಆಟೋ ಬೇಕಾಗಿಲ್ಲ. ಬೆಸ್ಟ್ ಸಂಸ್ಥೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸು 2023ರ ಸೆಪ್ಟೆಂಬರಿನಲ್ಲಿ ಕೊನೆಯ ಬಾರಿ ಓಡಿತು. ಅದೇ ವರ್ಷದ ಫೆಬ್ರವರಿಯಿಂದ ವಿದ್ಯುತ್ ಚಾಲಿತ ಡಬಲ್ ಡೆಕ್ಕರ್‌ಗಳು ರಸ್ತೆಗಿಳಿದಿವೆ. ಆಟೋವನ್ನೇ ಹಿಡಿಯಬೇಕಾದಾಗ ಮೂವರು ಹಂಚಿಕೊಂಡು ಹೋಗುವ ಬಾಂದ್ರಾ ಪೂರ್ವದ ಪದ್ಧತಿ ಹಣಕ್ಕೂ ಗಾಳಿಗೂ ಮೇಲು.

ಉಡುಪಿಗೂ ಪ್ರಯಾಣಕ್ಕೂ ಇರುವ ನಂಟನ್ನು ಕಚೇರಿಗಳು ಗಮನಿಸಿದ್ದು ಕಡಿಮೆ. ಲೋಕಲ್ ಗಾಡಿಯ ಸೆಖೆಯಲ್ಲಿ ಬೆವರಿದ ಅಂಗಿ ಒಂದೇ ದಿನಕ್ಕೆ ಒಗೆತಕ್ಕೆ ಬೀಳುತ್ತದೆ. ಟೈ ಮತ್ತು ಕೋಟನ್ನು ಕಡ್ಡಾಯ ಮಾಡುವ ಕಚೇರಿಯಲ್ಲಿ ಹವಾನಿಯಂತ್ರಣವನ್ನು 20 ಡಿಗ್ರಿಗೆ ಇಳಿಸಬೇಕಾಗುತ್ತದೆ, ಕೋಟು ಡ್ರೈಕ್ಲೀನಿಂಗಿಗೆ ಹೋಗುತ್ತದೆ, ಅದನ್ನು ಧರಿಸಿ ಗಾಡಿ ಹತ್ತಲಾರದವರು ಕಾರನ್ನು ಹಿಡಿಯುತ್ತಾರೆ. 2020ರ ಜನವರಿ 1ರಿಂದ ಕೊಠಡಿಯ ಹವಾನಿಯಂತ್ರಣ ಯಂತ್ರಗಳು ಆರಂಭದಲ್ಲಿ 24 ಡಿಗ್ರಿಗೆ ಹೊಂದಿಸಿ ಬರಬೇಕೆಂದು ನಿಯಮ ಮಾಡಲಾಗಿದೆ. ತೆಳುವಾದ ಹತ್ತಿ ಅಥವಾ ಖಾದಿಯ ಅರ್ಧತೋಳಿನ ಅಂಗಿಗೆ ಈ 24 ಡಿಗ್ರಿ ಧಾರಾಳವಾಗಿ ಸಾಕು. ಗಾಡಿ ಹತ್ತುವಾಗ ಒಂದು ಅಂಗಿ, ಕಚೇರಿಯಲ್ಲಿ ಇನ್ನೊಂದು ಎಂದು ಚೀಲದಲ್ಲಿ ಒಯ್ಯುವವರೂ ಇದ್ದಾರೆ. ಸಂಜೆ ಮರಳುವಾಗ ಬೆಳಗಿನ ಅಂಗಿಯನ್ನೇ ತೊಟ್ಟು, ಕಚೇರಿಯದನ್ನು ಗಾಳಿಗೆ ಹರವಿ, ಎರಡನೆಯ ದಿನವೂ ಬಳಸುತ್ತಾರೆ. ಬೆಳಿಗ್ಗೆ ಚರ್ಚ್‌ಗೇಟಿನ ಕಡೆಗೆ ಹೋಗುವ ಇಂತಹ ಪ್ರಯಾಣಿಕರ ಗಾಡಿ ಮಹಾಲಕ್ಷ್ಮಿಯನ್ನು ಸಮೀಪಿಸುವಾಗ, 1890ರಿಂದ ನಡೆದುಬಂದಿರುವ ಧೋಬಿಘಾಟಿನ ಕಲ್ಲುತೊಟ್ಟಿಗಳಲ್ಲಿ ಅದೇ ನಗರದ ಬಟ್ಟೆಗಳು ಆಗಲೇ ಒಗೆದು ಹಗ್ಗಕ್ಕೆ ಏರಿರುತ್ತವೆ.